ಸರಕಿನ ಲೇಬಲ್ಲೂ ಬಣ್ಣದ ಲೇಸರ್ ಪ್ರಿಂಟರೂ

ಅಂಗಡಿಯಿಂದ ಕೊಂಡು ತಂದ ಯಾವುದೇ ಪೊಟ್ಟಣವನ್ನು ಕೈಗೆತ್ತಿಕೊಂಡು ನೋಡಿದರೂ ಅದರ ಮೇಲೆ ಒಂದು ಲೇಬಲ್ ಅಂಟಿರುವುದು ಕಾಣುತ್ತದೆ. ಒಳಗಿನ ಪದಾರ್ಥ ಯಾವುದು, ಅದರ ತೂಕವೆಷ್ಟು, ಬೆಲೆಯೆಷ್ಟು, ಅದನ್ನು ತಯಾರಿಸಿದವರು ಯಾರು, ಎಂದಿನವರೆಗೆ ಅದನ್ನು ತಿನ್ನಬಹುದು—ಇಷ್ಟನ್ನೂ ಅಂಗೈಯಗಲದ ಆ ಕಾಗದವೇ ಹೇಳಬೇಕು. ತಯಾರಿಸಿದವರು ಪ್ರತಿಯೊಬ್ಬ ಗಿರಾಕಿಯ ಎದುರಿಗೂ ನಿಂತು ಮಾತನಾಡುವಂತಿಲ್ಲ. ಅವರ ಪರವಾಗಿ ಮಾತನಾಡುವುದು ಲೇಬಲ್ಲು. ಆ ಮಾತು ಅಳಿಸಿಹೋಯಿತೆಂದರೆ ಒಳಗಿನ ಪದಾರ್ಥ ಎಷ್ಟೇ ಒಳ್ಳೆಯದಾಗಿದ್ದರೂ ಹೆಸರಿಲ್ಲದ ಸರಕಾಗಿ ಉಳಿಯುತ್ತದೆ.

ದೊಡ್ಡ ಕಾರಖಾನೆಗಳು ಲಕ್ಷಗಟ್ಟಲೆ ಲೇಬಲ್ಲುಗಳನ್ನು ಒಮ್ಮೆಗೇ ಅಚ್ಚು ಹಾಕಿಸುತ್ತವೆ. ತಿಂಗಳಿಗೆ ಕೆಲವು ನೂರು ಪೊಟ್ಟಣಗಳನ್ನಷ್ಟೇ ಮಾಡುವ ಮನೆಯ ಉದ್ಯಮಕ್ಕಾಗಲಿ, ಹತ್ತಾರು ಹೆಂಗಸರು ಕೂಡಿ ನಡೆಸುವ ಸ್ವಸಹಾಯ ಸಂಘಕ್ಕಾಗಲಿ ಅದು ಸಾಧ್ಯವಿಲ್ಲ. ಅಂಥವರು ಬಣ್ಣದ ಲೇಸರ್ ಪ್ರಿಂಟರೊಂದನ್ನು ಕೊಂಡುಕೊಳ್ಳುವುದು ಲೇಸೆ? ಕೊಳ್ಳುವುದಾದರೆ ಎಂಥದನ್ನು ಆರಿಸಬೇಕು? ಈ ಪ್ರಶ್ನೆಗೆ ಅಂಗಡಿಯ ಬೆಲೆಪಟ್ಟಿಯಲ್ಲಿ ಉತ್ತರ ದೊರೆಯದು. ಯಂತ್ರದೊಳಗೆ ನಡೆಯುವ ಕ್ರಿಯೆಯನ್ನು ತಿಳಿದುಕೊಂಡು, ಸ್ವಲ್ಪ ಗಣಿತವನ್ನೂ ಸೇರಿಸಿಕೊಂಡರೆ ಉತ್ತರ ತಾನಾಗಿಯೇ ಹೊಳೆಯುತ್ತದೆ.

ಮೂರು ಊರುಗಳ ಸರಕು

ಯಾದಗಿರಿ ಜಿಲ್ಲೆಯು 2009ರ ಡಿಸೆಂಬರ್ ತಿಂಗಳಿನಲ್ಲಿ ಅಂದಿನ ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟಿತು. ಕೃಷ್ಣೆ ಮತ್ತು ಭೀಮೆಯ ನೀರುಣ್ಣುವ ಈ ಸೀಮೆಯಲ್ಲಿ ಯಾದಗಿರಿ, ಶಹಾಪುರ, ಸುರಪುರಗಳ ಸುತ್ತಮುತ್ತ ತೊಗರಿ, ಹತ್ತಿ, ಜೋಳ, ಶೇಂಗಾ ಬೆಳೆಯುತ್ತವೆ. ನಾರಾಯಣಪುರದ ಬಸವಸಾಗರದಿಂದ ಹೊರಟ ಕಾಲುವೆಗಳು ಹರಿಯುವೆಡೆಯಲ್ಲಿ ಭತ್ತವೂ ಉಂಟು. ಇಂಥ ನೆಲದ ಅಡಿಗೆಮನೆಗಳಿಂದ ಮಾರುಕಟ್ಟೆಗೆ ಹೊರಡಬಲ್ಲ ಸರಕು ಯಾವುದೆಂಬುದನ್ನು ಹೇಳಬೇಕಾಗಿಲ್ಲ: ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಖಾರದ ಪುಡಿ, ಮಸಾಲೆ ಪುಡಿ, ತೊಗರಿಬೇಳೆ.

ಈ ಸರಕುಗಳ ಲಕ್ಷಣವನ್ನು ಗಮನಿಸಬೇಕು. ಒಂದೊಂದೂ ಸ್ವಲ್ಪಸ್ವಲ್ಪ, ಆದರೆ ಬಗೆ ಹಲವು. ಶೇಂಗಾ ಹಿಂಡಿಯಲ್ಲಿ ಎಣ್ಣೆಯಂಶವಿದೆ. ಖಾರದ ಪುಡಿ ಕೈಗೂ ಕಾಗದಕ್ಕೂ ಮೆತ್ತಿಕೊಳ್ಳುತ್ತದೆ. ಪೊಟ್ಟಣಗಳು ಸಂತೆಯ ಬಿಸಿಲಿನಲ್ಲಿ, ಬಸ್ಸಿನ ಮಾಡಿನ ಮೇಲೆ, ಅಂಗಡಿಯ ಗಾಜಿನ ಕಪಾಟಿನಲ್ಲಿ ದಿನಗಳನ್ನು ಕಳೆಯುತ್ತವೆ. ಲೇಬಲ್ಲು ಇವೆಲ್ಲವನ್ನೂ ತಾಳಿಕೊಳ್ಳಬೇಕು.

ಇದರ ಜೊತೆಗೆ ಕಾನೂನೂ ಇದೆ. 2011ರ ಪೊಟ್ಟಣ ಸರಕುಗಳ ಕಾನೂನುಮಾಪನ ನಿಯಮಗಳ ಪ್ರಕಾರ ತಯಾರಕರ ಹೆಸರು ಮತ್ತು ವಿಳಾಸ, ಸರಕಿನ ಹೆಸರು, ನಿವ್ವಳ ತೂಕ, ತಯಾರಿಸಿದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಚಿಲ್ಲರೆ ಬೆಲೆ, ದೂರಿಗಾಗಿ ಸಂಪರ್ಕಿಸಬೇಕಾದ ವಿವರ ಮುಂತಾದವು ಚಿಲ್ಲರೆ ಪೊಟ್ಟಣದ ಮೇಲೆ ಇರಬೇಕು. ಅಂಕಿಗಳ ಎತ್ತರವೂ ಇಂತಿಷ್ಟಕ್ಕಿಂತ ಕಡಮೆ ಇರಕೂಡದು. ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ವಿಧಿಗಳೂ ಅನ್ವಯಿಸುತ್ತವೆ: ಘಟಕಗಳ ಪಟ್ಟಿ, ಹದಿನಾಲ್ಕು ಅಂಕಿಗಳ ಪರವಾನಗಿ ಸಂಖ್ಯೆ, ಸಸ್ಯಾಹಾರವನ್ನು ಸೂಚಿಸುವ ಹಸಿರು ಚೌಕದೊಳಗಿನ ಹಸಿರು ವೃತ್ತ, ಒಗ್ಗದಿಕೆಯನ್ನು ಉಂಟುಮಾಡಬಲ್ಲ ಘಟಕಗಳ ಎಚ್ಚರಿಕೆ ಇತ್ಯಾದಿ. ರಾಜ್ಯದಲ್ಲಿ ತಯಾರಾಗುವ ಸರಕುಗಳ ಮೇಲೆ ಹೆಸರು, ಬಳಕೆಯ ವಿವರಗಳು ಕನ್ನಡದಲ್ಲಿಯೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವು ವಿಧಿಸಿದೆ.

ಇದನ್ನು ಬರಿಯ ಕಾಗದದ ಕಟ್ಟಳೆಯೆಂದು ಭಾವಿಸಬಾರದು. ಶೇಂಗಾ ಒಗ್ಗದವರು ಕೆಲವರಿರುತ್ತಾರೆ. ಅವರು ಚಿಟಿಕೆಯಷ್ಟು ಶೇಂಗಾಪುಡಿಯನ್ನು ತಿಂದರೂ ಗಂಟಲು ಬಾತು ಉಸಿರು ಕಟ್ಟಿ ಪ್ರಾಣಕ್ಕೆ ಅಪಾಯವಾಗಬಹುದು. ಮಸಾಲೆ ಪುಡಿಯೊಂದರಲ್ಲಿ ಶೇಂಗಾ ಬೆರೆತಿದೆಯೆಂಬ ಒಂದು ಸಾಲು ಎಣ್ಣೆ ತಗಲಿ ಅಳಿಸಿಹೋದರೆ ಆಗುವ ಹಾನಿ ಬೆಲೆಪಟ್ಟಿಯ ಲೆಕ್ಕಕ್ಕೆ ಸಿಗುವಂಥದಲ್ಲ.

ಪುಡಿಯಿಂದ ಮೂಡುವ ಅಕ್ಷರ

ಇನ್ನು ಯಂತ್ರದ ವಿಷಯಕ್ಕೆ ಬರೋಣ. ಒಣಗಿದ ತಲೆಗೂದಲಿನಲ್ಲಿ ಬಾಚಣಿಗೆಯನ್ನಾಡಿಸಿ ಕಾಗದದ ಚೂರುಗಳ ಬಳಿ ಹಿಡಿದರೆ ಚೂರುಗಳು ಹಾರಿ ಅದಕ್ಕೆ ಅಂಟಿಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಲೇಸರ್ ಪ್ರಿಂಟರಿನ ಮೂಲತತ್ತ್ವವೂ ಇದೇ ಸ್ಥಿರವಿದ್ಯುತ್ತಿನ ಆಕರ್ಷಣೆ.

1938ರ ಅಕ್ಟೋಬರ್ 22ರಂದು ನ್ಯೂಯಾರ್ಕ್ ನಗರದ ಅಸ್ಟೋರಿಯಾ ಎಂಬಲ್ಲಿ ಚೆಸ್ಟರ್ ಕಾರ್ಲ್‌ಸನ್ ಮತ್ತು ಅವನ ಸಹಾಯಕ ಆಟೊ ಕಾರ್ನೈ ಒಂದು ಪ್ರಯೋಗವನ್ನು ಮಾಡಿದರು. ಗಂಧಕವನ್ನು ಲೇಪಿಸಿದ ಸತುವಿನ ತಗಡನ್ನು ಕರವಸ್ತ್ರದಿಂದ ಉಜ್ಜಿ ಅದಕ್ಕೆ ವಿದ್ಯುದಾವೇಶವನ್ನು ಕೊಟ್ಟರು. ಗಾಜಿನ ಮೇಲೆ ಅಂದಿನ ತಾರೀಖನ್ನೂ ಸ್ಥಳದ ಹೆಸರನ್ನೂ ಬರೆದು, ಅದನ್ನು ತಗಡಿನ ಮೇಲಿಟ್ಟು ಪ್ರಖರವಾದ ದೀಪದ ಬೆಳಕನ್ನು ಹಾಯಿಸಿದರು. ಬೆಳಕು ಬಿದ್ದೆಡೆಯಲ್ಲಿ ಆವೇಶ ಹರಿದುಹೋಯಿತು. ಬರೆಹದ ನೆರಳಿನಲ್ಲಿ ಮಾತ್ರ ಉಳಿಯಿತು. ಮೇಲೆ ಲೈಕೊಪೋಡಿಯಮ್ ಎಂಬ ನಯವಾದ ಪುಡಿಯನ್ನು ಚೆಲ್ಲಿ ಊದಿದಾಗ ಬರೆಹದ ಆಕಾರದಲ್ಲಿ ಪುಡಿ ನಿಂತಿತು. ಅದನ್ನು ಮೇಣದ ಕಾಗದಕ್ಕೆ ಒತ್ತಿ ಬಿಸಿ ಮಾಡಿದುದೇ ತಡ, ಅಚ್ಚು ಸ್ಥಿರವಾಯಿತು. ನೆಲದ ಮೇಲೆ ಅಂಟಿನಿಂದ ಚಿತ್ರ ಬರೆದು ಅರಿಸಿನದ ಪುಡಿಯನ್ನು ಎರಚಿ ಊದಿದರೆ ಹೇಗೋ ಹಾಗೆ. ಇಲ್ಲಿ ಅಂಟಿನ ಕೆಲಸವನ್ನು ವಿದ್ಯುತ್ತು ಮಾಡಿತು. 1959ರಲ್ಲಿ ಇದೇ ತತ್ತ್ವದ ಮೇಲೆ 'ಜೆರಾಕ್ಸ್ 914' ಎಂಬ ಯಂತ್ರ ಹೊರಬಂದಿತು. ಇಂದಿಗೂ ನಾವು ಪ್ರತಿ ತೆಗೆಸುವುದನ್ನು 'ಜೆರಾಕ್ಸ್ ಮಾಡಿಸುವುದು' ಎಂದೇ ಹೇಳುತ್ತೇವಷ್ಟೆ. ಅದೇ ಸಂಸ್ಥೆಯ ಗ್ಯಾರಿ ಸ್ಟಾರ್ಕ್‌ವೆದರ್ ಎಂಬ ಎಂಜಿನಿಯರನು 1970ರ ಆಸುಪಾಸಿನ ವರ್ಷಗಳಲ್ಲಿ ದೀಪದ ಬದಲು ಲೇಸರ್ ಕಿರಣದಿಂದಲೇ ಅಕ್ಷರಗಳನ್ನು ಬರೆಯುವ ವಿಧಾನವನ್ನು ರೂಪಿಸಿದನು.

ಇಂದಿನ ಯಂತ್ರದಲ್ಲಿ ಗಂಧಕದ ತಗಡಿನ ಸ್ಥಾನದಲ್ಲಿ ಬೆಳಕಿಗೆ ಸ್ಪಂದಿಸುವ ಲೇಪವುಳ್ಳ ಉರುಳೆಯಿರುತ್ತದೆ. ಇದನ್ನು ಡ್ರಮ್ ಎನ್ನುವರು. ಅದರ ಮೈಗೆಲ್ಲ ಸಮನಾಗಿ ಋಣ ಆವೇಶವನ್ನು ಕೊಡಲಾಗುತ್ತದೆ. ಅಕ್ಷರ ಮೂಡಬೇಕಾದ ಚುಕ್ಕೆಗಳ ಮೇಲೆ ಲೇಸರ್ ಕಿರಣ ಬಿದ್ದು ಅಲ್ಲಿನ ಆವೇಶವನ್ನು ಇಳಿಸುತ್ತದೆ. ಟೋನರ್ ಎಂಬ ಪುಡಿಯೂ ಋಣ ಆವೇಶವುಳ್ಳದ್ದೇ. ಆದುದರಿಂದ ಅದು ಉರುಳೆಯ ಉಳಿದ ಭಾಗದಿಂದ ವಿಕರ್ಷಿತವಾಗಿ, ಬೆಳಕು ಬಿದ್ದ ಚುಕ್ಕೆಗಳಲ್ಲಿ ಮಾತ್ರ ನಿಲ್ಲುತ್ತದೆ. ಅಲ್ಲಿಂದ ಧನ ಆವೇಶದ ಸೆಳೆತಕ್ಕೆ ಒಳಗಾಗಿ ಕಾಗದದ ಮೇಲಕ್ಕೆ ದಾಟುತ್ತದೆ. ಕೊನೆಯಲ್ಲಿ ಕಾಗದವು ಫ್ಯೂಸರ್ ಎಂಬ ಬಿಸಿ ಉರುಳೆಗಳ ನಡುವೆ ಹಾಯುತ್ತದೆ. ಅಲ್ಲಿನ ಉಷ್ಣತೆ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್. ಕ್ಷಣಾರ್ಧದೊಳಗೆ ಪುಡಿ ಕರಗಿ ಕಾಗದದ ನಾರಿಗೆ ಕಚ್ಚಿಕೊಳ್ಳುತ್ತದೆ.

ಟೋನರ್ ಎಂಬುದು ಶಾಯಿಯಲ್ಲವೆಂಬುದನ್ನು ಇಲ್ಲಿ ಮನಗಾಣಬೇಕು. ಅದು ಬಣ್ಣವನ್ನು ಬೆರೆಸಿದ ಪ್ಲಾಸ್ಟಿಕ್ಕಿನ ಪುಡಿ. ಒಂದೊಂದು ಕಣವೂ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಐದಾರು ಪಟ್ಟು ಮಾತ್ರ ಇರುತ್ತದೆ. ಪ್ಲಾಸ್ಟಿಕ್ಕಾದುದರಿಂದ ನೀರು ತಗಲಿದರೆ ಕದಡುವುದಿಲ್ಲ. ಅಗ್ಗದ ಶಾಯಿ ಪ್ರಿಂಟರುಗಳಲ್ಲಿ ನೀರಿನಲ್ಲಿ ಕರಗುವ ಬಣ್ಣವಿದ್ದರೆ ಒದ್ದೆ ಕೈ ಸೋಕಿದೊಡನೆ ಅಕ್ಷರ ಹರಡಿಬಿಡುತ್ತದೆ. ಬಸ್ಸಿನ ಟಿಕೇಟನ್ನು ಅಚ್ಚು ಹಾಕುವ ಬಗೆಯ ಶಾಖಸ್ಪಂದಿ ಕಾಗದವಂತೂ ಬಿಸಿಲಿಗೂ ಎಣ್ಣೆಗೂ ತಾಳುವುದೇ ಇಲ್ಲ. ಲೇಬಲ್ಲಿಗೆ ಲೇಸರ್ ಪ್ರಿಂಟರನ್ನು ಮೆಚ್ಚಲು ಇದೊಂದು ಬಲವಾದ ಕಾರಣ.

ನಾಲ್ಕು ಪುಡಿಗಳು, ಹಲವು ಬಣ್ಣಗಳು

ಬಣ್ಣದ ಯಂತ್ರದಲ್ಲಿ ಟೋನರಿನ ನಾಲ್ಕು ಕಾರ್ಟ್ರಿಜ್ಜುಗಳಿರುತ್ತವೆ: ಹಸಿರುಛಾಯೆಯ ನೀಲಿಯಾದ ಸಯಾನ್, ಕಡುಗುಲಾಬಿಯಾದ ಮಜೆಂಟಾ, ಹಳದಿ, ಕಪ್ಪು. ಸಯಾನ್ ಮತ್ತು ಹಳದಿ ಸೇರಿದರೆ ಹಸಿರು. ಮಜೆಂಟಾ ಮತ್ತು ಹಳದಿ ಸೇರಿದರೆ ಮೆಣಸಿನಕಾಯಿಯ ಕೆಂಪು. ತಿಳಿಬಣ್ಣವನ್ನು ತೋರಿಸಲು ಯಂತ್ರವು ಪುಡಿಯನ್ನು ತೆಳ್ಳಗೆ ಮಾಡುವುದಿಲ್ಲ. ಚುಕ್ಕೆಗಳನ್ನು ವಿರಳವಾಗಿ ಇಡುತ್ತದೆ. ಭೂತಗಾಜಿನಿಂದ ನೋಡಿದರೆ ಈ ಚುಕ್ಕೆಗಳ ಜಾಲ ಸ್ಪಷ್ಟವಾಗಿ ಕಾಣುತ್ತದೆ.

ಇದರಿಂದ ಯಂತ್ರದ ಮಿತಿಯೂ ತಿಳಿಯುತ್ತದೆ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಚಿಕಣಿ ಚಿತ್ರಗಳಲ್ಲಿ ಬಂಗಾರದ ಮೆರುಗುಂಟು. ಆ ಊರಿನ ಉದ್ಯಮಿಯೊಬ್ಬನು ತನ್ನ ಲೇಬಲ್ಲಿನ ಅಂಚಿಗೆ ಅಂಥ ಬಂಗಾರದ ಬಳ್ಳಿಯನ್ನು ಬಯಸಿದರೆ ಸಾಧಾರಣ ಬಣ್ಣದ ಲೇಸರ್ ಪ್ರಿಂಟರು ಅದನ್ನು ಕೊಡಲಾರದು. ಬಂಗಾರದ ಹೊಳಪು ಲೋಹದ ಮೈ ಬೆಳಕನ್ನು ಕನ್ನಡಿಯಂತೆ ಹಿಂದಿರುಗಿಸುವುದರಿಂದ ಬರುವುದು. ನಾಲ್ಕು ಪುಡಿಗಳನ್ನು ಹೇಗೆ ಬೆರೆಸಿದರೂ ದೊರೆಯುವುದು ಮಾಸಲು ಹಳದಿಯೇ ಹೊರತು ಬಂಗಾರವಲ್ಲ.

ಬಿಸಿಯನ್ನು ತಾಳುವ ಹಾಳೆ

ಪ್ರಿಂಟರ್ ಕೊಳ್ಳುವವರು ಸಾಮಾನ್ಯವಾಗಿ ಮರೆಯುವುದು ಲೇಬಲ್ ಹಾಳೆಯನ್ನು. ಸ್ಟಿಕ್ಕರ್ ಹಾಳೆಯೆಂದು ಕರೆಯುವ ಇದರಲ್ಲಿ ಮೂರು ಪದರಗಳಿವೆ: ಮೇಲೆ ಅಚ್ಚಾಗುವ ಕಾಗದ, ನಡುವೆ ಅಂಟು, ಕೆಳಗೆ ಸಿಲಿಕೋನ್ ಲೇಪದ ಹಾಳೆ. ಮಾಮೂಲು ಕಾಗದದ ತೂಕ ಚದರ ಮೀಟರಿಗೆ 75–80 ಗ್ರಾಂ ಆದರೆ ಲೇಬಲ್ ಹಾಳೆಯದು ಸುಮಾರು ಅದರ ಎರಡರಷ್ಟಿರುತ್ತದೆ. ಇದು 200 ಡಿಗ್ರಿಯ ಉರುಳೆಗಳ ನಡುವೆ ಹಾಯಬೇಕು. ಲೇಸರಿಗೆಂದು ತಯಾರಿಸದ ಹಾಳೆಯಾದರೆ ಅಂಟು ಮೆದುವಾಗಿ ಅಂಚಿನಿಂದ ಒಸರಿ ಫ್ಯೂಸರಿಗೆ ಮೆತ್ತಿಕೊಳ್ಳುತ್ತದೆ. ಲೇಬಲ್ಲೇ ಕಿತ್ತು ಒಳಗೆ ಸುತ್ತಿಕೊಂಡರೆ ಯಂತ್ರದ ದುಬಾರಿ ಭಾಗವೊಂದು ಹಾಳಾಯಿತೆಂದೇ ತಿಳಿಯಬೇಕು.

ಪ್ಲಾಸ್ಟಿಕ್ ಹಾಳೆಯಲ್ಲಿ ಈ ಎಚ್ಚರ ಮತ್ತೂ ಅಗತ್ಯ. ಪಾಲಿಥೀನ್ ಸುಮಾರು 105ರಿಂದ 130 ಡಿಗ್ರಿಯೊಳಗೆ ಕರಗುತ್ತದೆ. ವಿನೈಲ್ ಅದಕ್ಕೂ ಮೊದಲೇ ಮೆದುವಾಗುತ್ತದೆ. ಪಾಲಿಯೆಸ್ಟರ್ ಮಾತ್ರ 250 ಡಿಗ್ರಿಯವರೆಗೂ ಕರಗದೆ ನಿಲ್ಲಬಲ್ಲದು. ಹೀಗಿರಲು ಶಾಯಿ ಪ್ರಿಂಟರಿಗೆಂದು ಮಾರುವ ಹೊಳೆಯುವ ಪ್ಲಾಸ್ಟಿಕ್ ಹಾಳೆಯನ್ನು ಲೇಸರ್ ಪ್ರಿಂಟರಿಗೆ ಎಂದಿಗೂ ಕೊಡಬಾರದು. ಎಣ್ಣೆ ಸೋಕುವ ಶೇಂಗಾ ಹಿಂಡಿಯ ಡಬ್ಬಿಗೆ ಲೇಸರಿಗೆ ತಕ್ಕ ಪಾಲಿಯೆಸ್ಟರ್ ಲೇಬಲ್ಲು ಒಳ್ಳೆಯದು. ಏಕೆಂದರೆ ಟೋನರ್ ಎಣ್ಣೆಯನ್ನು ಹೀರದಿದ್ದರೂ ಕಾಗದ ಹೀರಿಕೊಂಡು ಕಲೆಯಾಗುತ್ತದೆ. ಒಣ ಸರಕಾದ ಬೇಳೆಗೂ ರೊಟ್ಟಿಗೂ ಕಾಗದವೇ ಸಾಕು. ಆದರೆ ಅಚ್ಚಾದ ಚೀಟಿಯನ್ನು ಪೊಟ್ಟಣದೊಳಗೆ ರೊಟ್ಟಿಗೆ ತಾಗುವಂತೆ ಇಡಬಾರದು; ಲೇಬಲ್ಲಿನ ಸ್ಥಾನ ಹೊರಮೈ.

ಆದುದರಿಂದ ಯಂತ್ರದ ವಿವರಪಟ್ಟಿಯಲ್ಲಿ ಮೊದಲು ನೋಡಬೇಕಾದುದು ನಿಮಿಷಕ್ಕೆ ಎಷ್ಟು ಪುಟವೆಂಬುದನ್ನಲ್ಲ. ಲೇಬಲ್ ಹಾಳೆಯನ್ನು ಅದು ಸ್ವೀಕರಿಸುವುದೆ? ಎಷ್ಟು ಗ್ರಾಂ ತೂಕದವರೆಗೆ? ಕೈಯಿಂದ ಹಾಳೆ ಕೊಡುವ ಟ್ರೇ ಇದೆಯೆ? ಹಾಳೆ ಹೆಚ್ಚು ಬಾಗದೆ ಹಿಂಬದಿಯಿಂದ ನೇರವಾಗಿ ಹೊರಬರುವ ದಾರಿಯುಂಟೆ? ದಪ್ಪ ಹಾಳೆ ಬಿಗಿಯಾಗಿ ಬಾಗಿದರೆ ಲೇಬಲ್ಲಿನ ಮೂಲೆ ಏಳುವುದು ಸಹಜ. ಅಚ್ಚು ಹಾಕುವಾಗ ಕಾಗದದ ಬಗೆಯನ್ನು 'ಲೇಬಲ್' ಎಂದೇ ಆರಿಸಬೇಕು. ದಪ್ಪ ಹಾಳೆ ಹೆಚ್ಚು ಶಾಖವನ್ನು ಹೀರುತ್ತದೆ. ಯಂತ್ರವು ಇದನ್ನರಿತು ವೇಗವನ್ನು ತಗ್ಗಿಸಿ ಪುಡಿ ಪೂರ್ತಿ ಕರಗುವಂತೆ ಮಾಡುತ್ತದೆ. ಕೆಲವು ಲೇಬಲ್ಲುಗಳನ್ನು ಬಿಡಿಸಿಕೊಂಡ ಅರೆಹಾಳೆಯನ್ನು ಮತ್ತೆ ಯಂತ್ರಕ್ಕೆ ಕೊಡಬಾರದು.

ಒತ್ತಕ್ಷರದ ಲೆಕ್ಕ

ಹೆಚ್ಚಿನ ಲೇಸರ್ ಪ್ರಿಂಟರುಗಳು ಅಂಗುಲಕ್ಕೆ 600 ಚುಕ್ಕೆಗಳನ್ನು ಇಡುತ್ತವೆ. ಅಂಗುಲವೆಂದರೆ 25.4 ಮಿ.ಮೀ.; ಎಂದರೆ ಮಿಲಿಮೀಟರಿಗೆ ಸುಮಾರು 24 ಚುಕ್ಕೆ. ಲೇಬಲ್ಲಿನಲ್ಲಿ 1.5 ಮಿ.ಮೀ. ಎತ್ತರದ ಕನ್ನಡ ಅಕ್ಷರವೊಂದಕ್ಕೆ 35 ಚುಕ್ಕೆಗಳು ದೊರೆಯುತ್ತವೆ. ಅದರ ಕೆಳಗಿನ ಒತ್ತಕ್ಷರ ಅರ್ಧದಷ್ಟಿದ್ದರೆ ಅದಕ್ಕೆ ಸಿಗುವುದು 17 ಚುಕ್ಕೆ ಮಾತ್ರ. ದ ಮತ್ತು ಧ, ಪ ಮತ್ತು ಫ ಇವುಗಳಲ್ಲಿರುವ ಭೇದ ಒಂದು ಸಣ್ಣ ಸೀಳು. ಅದಕ್ಕೆ ದೊರೆಯುವುದು ಎರಡು ಮೂರು ಚುಕ್ಕೆ. ಅಂಗುಲಕ್ಕೆ 300 ಚುಕ್ಕೆಯ ಯಂತ್ರವಾದರೆ ಇದೂ ಅರ್ಧವಾಗುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಸಾಲುವ ಯಂತ್ರ ಕನ್ನಡದ ಒತ್ತಕ್ಷರಗಳಿಗೆ ಸಾಲದೆ ಹೋಗುವುದು ಇದರಿಂದಲೇ.

ಸಣ್ಣ ಅಕ್ಷರಗಳನ್ನು ಯಾವಾಗಲೂ ಅಚ್ಚಗಪ್ಪಿನಲ್ಲಿಯೇ ಮುದ್ರಿಸಬೇಕು. ಕಂದು ಅಥವಾ ಕಡುಹಸಿರು ಅಕ್ಷರವೆಂದರೆ ಎರಡು ಮೂರು ಪುಡಿಗಳು ಒಂದರ ಮೇಲೊಂದು ಕೂಡಬೇಕು. ಅವು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಸರಿದರೂ ಅಕ್ಷರದ ಸುತ್ತ ಬೇರೆ ಬಣ್ಣದ ನೆರಳು ಕಾಣುತ್ತದೆ. ಬಣ್ಣದ ಹಿನ್ನೆಲೆಯಲ್ಲಿ ಬಿಳಿಯ ಸಣ್ಣ ಅಕ್ಷರಗಳನ್ನು ಬಿಡುವುದು ಇನ್ನೂ ಕೆಟ್ಟದ್ದು. ಕರಗಿದ ಪುಡಿ ಹರಡಿ ಒತ್ತಕ್ಷರದ ಸಂದುಗಳನ್ನು ಮುಚ್ಚಿಬಿಡುತ್ತದೆ. ತಾರೀಖು, ಬೆಲೆ, ಒಗ್ಗದಿಕೆಯ ಎಚ್ಚರಿಕೆ—ಈ ಮೂರಂತೂ ಬಿಳಿಯ ನೆಲದ ಮೇಲೆ ಕಪ್ಪಾಗಿಯೇ ಇರಲಿ.

ಖರ್ಚಿನ ಲೆಕ್ಕ

ಕಾರ್ಟ್ರಿಜ್ಜಿನ ಡಬ್ಬಿಯ ಮೇಲೆ '2000 ಪುಟ' ಎಂದು ಬರೆದಿರುತ್ತದೆ. ಈ ಸಂಖ್ಯೆಯನ್ನು ಅಳೆಯುವ ಅಂತರರಾಷ್ಟ್ರೀಯ ಕ್ರಮದಲ್ಲಿ ಪ್ರತಿ ಬಣ್ಣವೂ ಪುಟದ ನೂರರಲ್ಲಿ ಸುಮಾರು 5 ಭಾಗವನ್ನು ಮಾತ್ರ ಮುಚ್ಚುತ್ತದೆ. ಆದುದರಿಂದ 2000 ಪುಟವೆಂದರೆ ವಾಸ್ತವದಲ್ಲಿ 2000ದ ನೂರರಲ್ಲಿ 5 ಭಾಗ, ಎಂದರೆ ಪೂರ್ತಿ ಮುಚ್ಚಿದ 100 ಪುಟಗಳಷ್ಟು ಪುಡಿ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬೆಲೆಗಳು ಲೆಕ್ಕದ ಅನುಕೂಲಕ್ಕಾಗಿ ಊಹಿಸಿಕೊಂಡವು. ವಾಚಕರು ತಮ್ಮೂರಿನ ಬೆಲೆಗಳನ್ನು ಹಾಕಿಕೊಳ್ಳಬೇಕು. ಸಂಘವೊಂದು ತಿಂಗಳಿಗೆ 1200 ಪೊಟ್ಟಣಗಳನ್ನು ಮಾಡುತ್ತದೆ. ಎ-4 ಹಾಳೆಯಲ್ಲಿ 63.5 × 72 ಮಿ.ಮೀ. ಅಳತೆಯ 12 ಲೇಬಲ್ಲುಗಳು ಹಿಡಿಯುತ್ತವೆ; ಬೇಕಾದುದು 100 ಹಾಳೆ. ಲೇಬಲ್ಲಿನಲ್ಲಿ ಹಳದಿ ನೂರಕ್ಕೆ 20, ಮಜೆಂಟಾ 15, ಸಯಾನ್ 5, ಕಪ್ಪು 5 ಭಾಗಗಳನ್ನು ಮುಚ್ಚುತ್ತವೆ. ಪ್ರತಿ ಕಾರ್ಟ್ರಿಜ್ಜಿನ ಬೆಲೆ 6000 ರೂಪಾಯಿ.

ಹಳದಿಯ ಕಾರ್ಟ್ರಿಜ್ಜು 500 ಹಾಳೆಗೆ ಮುಗಿಯುತ್ತದೆ. ಹಾಳೆಗೆ 12 ರೂಪಾಯಿ. ಇದೇ ರೀತಿ ಮಜೆಂಟಾ 9, ಸಯಾನ್ 3, ಕಪ್ಪು 3 ರೂಪಾಯಿ. ಒಟ್ಟು ಪುಡಿಗೆ 27 ರೂಪಾಯಿ. ಹಾಳೆಯ ಬೆಲೆ 9 ಎಂದಿಟ್ಟುಕೊಂಡರೆ 36. ಹನ್ನೆರಡರಿಂದ ಭಾಗಿಸಿದರೆ ಲೇಬಲ್ಲಿಗೆ 3 ರೂಪಾಯಿ.

ಈಗ ಯಾರೋ ಲೇಬಲ್ಲಿನ ಹಿನ್ನೆಲೆಯನ್ನು ಹಳದಿ ಮಾಡಿದರೆಂದೂ, ಹಳದಿ 60 ಭಾಗವಾಯಿತೆಂದೂ ಭಾವಿಸಿ. ಹಳದಿಯ ಖರ್ಚೊಂದೇ ಹಾಳೆಗೆ 36 ರೂಪಾಯಿಗೆ ಏರುತ್ತದೆ. ಒಟ್ಟು 60 ರೂಪಾಯಿ, ಲೇಬಲ್ಲಿಗೆ 5. ಅದಕ್ಕೆ ಬದಲಾಗಿ ಬಿಳಿಯ ನೆಲವನ್ನೇ ಬಿಟ್ಟು ಹಳದಿಯನ್ನು 5 ಭಾಗಕ್ಕೆ ಇಳಿಸಿದರೆ ಹಾಳೆಗೆ 27 ರೂಪಾಯಿ, ಲೇಬಲ್ಲಿಗೆ 2 ರೂಪಾಯಿ 25 ಪೈಸೆ. ಯಂತ್ರವನ್ನು ಬದಲಿಸದೆ, ಚಿತ್ರವನ್ನು ಮಾತ್ರ ಬದಲಿಸಿ ಖರ್ಚನ್ನು ಅರ್ಧಕ್ಕಿಂತ ಕಡಮೆ ಮಾಡಬಹುದಾಯಿತು.

ಯಂತ್ರದ ಬೆಲೆಯನ್ನೂ ಸೇರಿಸಬೇಕಷ್ಟೆ. 36,000 ರೂಪಾಯಿಯ ಯಂತ್ರ ಮೂರು ವರ್ಷ ನಡೆದರೆ ತಿಂಗಳಿಗೆ 1200ರಂತೆ 43,200 ಲೇಬಲ್ಲುಗಳಾಗುತ್ತವೆ. ಒಂದೊಂದಕ್ಕೆ ಸುಮಾರು 83 ಪೈಸೆ. ತಿಂಗಳಿಗೆ 200 ಲೇಬಲ್ಲೇ ಬೇಕಾದವರಿಗೆ ಇದೇ ಬಾಬು 5 ರೂಪಾಯಿ ಆಗುತ್ತದೆ. ಅಂಥವರು ಯಂತ್ರ ಕೊಳ್ಳದೆ ಊರಿನ ಡಿ.ಟಿ.ಪಿ. ಅಂಗಡಿಯಲ್ಲಿ ಅಚ್ಚು ಹಾಕಿಸುವುದೇ ಮೇಲು. ಹೊಸ ಯಂತ್ರದೊಡನೆ ಬರುವ ಕಾರ್ಟ್ರಿಜ್ಜಿನಲ್ಲಿ ಅನೇಕ ವೇಳೆ ಪುಡಿ ಕಡಮೆ ಇರುತ್ತದೆ; ಡ್ರಮ್, ಫ್ಯೂಸರ್ ಮೊದಲಾದವುಗಳಿಗೂ ಆಯುಸ್ಸಿದೆ. ಕೊಳ್ಳುವ ಮೊದಲು ಇವುಗಳ ಬೆಲೆಯನ್ನೂ ಕೇಳಬೇಕು.

ಇನ್ನು ಅಚ್ಚುಕೂಟದೊಡನೆ ಹೋಲಿಸೋಣ. ಅಲ್ಲಿ ಫಲಕಗಳನ್ನು ಸಿದ್ಧಪಡಿಸಲು ಒಮ್ಮೆಗೆ 6000 ರೂಪಾಯಿ, ಆಮೇಲೆ ಲೇಬಲ್ಲಿಗೆ 60 ಪೈಸೆ ಎನ್ನೋಣ. ಲೇಬಲ್ಲುಗಳ ಸಂಖ್ಯೆ 'ಸ' ಆದರೆ, 6000 + 0.6ಸ = 3ಸ ಎಂಬ ಸಮೀಕರಣದಿಂದ ಸ = 2500. ಒಂದೇ ಬಗೆಯ ಲೇಬಲ್ಲು 2500ಕ್ಕಿಂತ ಹೆಚ್ಚು ಬೇಕಾದರೆ ಅಚ್ಚುಕೂಟ ಅಗ್ಗ. ಆದರೆ ಐದು ಬಗೆಯ ಸರಕಿಗೆ ಐದೈದುನೂರು ಲೇಬಲ್ಲು ಬೇಕಾದರೆ? ಒಟ್ಟು ಸಂಖ್ಯೆ ಅದೇ 2500. ಅಚ್ಚುಕೂಟದಲ್ಲಿ ಐದು ಸಲ ಫಲಕವಾಗಬೇಕು. ಖರ್ಚು 31,500 ರೂಪಾಯಿ. ಲೇಸರ್ ಪ್ರಿಂಟರಿನ ಚಾಲನೆಯ ಖರ್ಚು 7500 ರೂಪಾಯಿ. ಲೇಸರ್ ಪ್ರಿಂಟರಿನ ಬಲವಿರುವುದು ಸಂಖ್ಯೆಯಲ್ಲಲ್ಲ, ಬಗೆಬಗೆಯಲ್ಲಿ. ಬೆಲೆಯೋ ತಾರೀಖೋ ಬದಲಾದರೆ ಹಳೆಯ ಲೇಬಲ್ಲುಗಳ ರಾಶಿ ವ್ಯರ್ಥವಾಗದು.

ಇವೆರಡನ್ನೂ ಕೂಡಿಸುವ ಮಾರ್ಗವೂ ಉಂಟು. ಹೆಸರು ಮತ್ತು ಚಿತ್ರವುಳ್ಳ ಬಣ್ಣದ ಚೌಕಟ್ಟನ್ನು ಅಚ್ಚುಕೂಟದಲ್ಲಿ ಲೇಸರಿನ ಬಿಸಿಗೆ ತಾಳುವ ಶಾಯಿಯಲ್ಲಿ ಒಟ್ಟಿಗೆ ಮಾಡಿಸಿ, ಸರಕಿನ ವಿವರವನ್ನು ಮನೆಯಲ್ಲಿ ಕಪ್ಪು ಬಣ್ಣದ ಲೇಸರ್ ಪ್ರಿಂಟರಿನಲ್ಲಿ ತುಂಬಿಕೊಳ್ಳಬಹುದು. ಕಪ್ಪು ಯಂತ್ರದ ಬೆಲೆಯೂ ಕಡಮೆ, ಖರ್ಚೂ ಕಡಮೆ.

ಬಿಸಿಲು, ಧೂಳು, ವಿದ್ಯುತ್ತು

ಈ ಯಂತ್ರಗಳನ್ನು ಸಾಮಾನ್ಯವಾಗಿ 10ರಿಂದ 32 ಡಿಗ್ರಿಯವರೆಗಿನ ಕೋಣೆಯ ಉಷ್ಣತೆಗೆಂದು ರೂಪಿಸಿರುತ್ತಾರೆ. ಯಾದಗಿರಿಯ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿಯನ್ನು ಮೀರುವುದು ವಾಡಿಕೆ. ಟೋನರಿನ ಪ್ಲಾಸ್ಟಿಕ್ಕು 50–60 ಡಿಗ್ರಿಯ ಆಸುಪಾಸಿನಲ್ಲಿಯೇ ಮೆದುವಾಗತೊಡಗುವುದರಿಂದ, ತಗಡಿನ ಮಾಡಿನ ಕೆಳಗೋ ಬಿಸಿಲಿನಲ್ಲಿ ನಿಂತ ವಾಹನದೊಳಗೋ ಇಟ್ಟ ಕಾರ್ಟ್ರಿಜ್ಜಿನ ಪುಡಿ ಗಂಟುಗಟ್ಟಬಹುದು. ಬೇಸಿಗೆಯಲ್ಲಿ ಅಚ್ಚಿನ ಕೆಲಸವನ್ನು ಬೆಳಗಿನ ತಂಪಿನಲ್ಲಿ ಮುಗಿಸುವುದು ಲೇಸು.

ಖಾರ ಕುಟ್ಟುವ, ಬೇಳೆ ಒಡೆಯುವ ಕೋಣೆಯಲ್ಲಿ ಯಂತ್ರವನ್ನಿಡಬಾರದು. ಲೇಸರ್ ಹೊರಬರುವ ಕಿಂಡಿಯ ಮೇಲೆ ಧೂಳು ಕುಳಿತರೆ ಕಿರಣ ಉರುಳೆಯನ್ನು ತಲಪದೆ ಲೇಬಲ್ಲಿನಲ್ಲಿ ಬಿಳಿಯ ಗೆರೆ ಬೀಳುತ್ತದೆ. ಫ್ಯೂಸರ್ ಕಾಯುವಾಗ ಯಂತ್ರವು ಸಾವಿರ ವಾಟ್‌ನಷ್ಟು ವಿದ್ಯುತ್ತನ್ನು ಎಳೆಯುವುದುಂಟು. ಗಣಕಯಂತ್ರಕ್ಕಿಟ್ಟ ಸಣ್ಣ ಯು.ಪಿ.ಎಸ್. ಇದನ್ನು ಹೊರಲಾರದು. ಅಚ್ಚಿನ ನಡುವೆ ವಿದ್ಯುತ್ತು ಹೋದರೆ ಲೇಬಲ್ ಹಾಳೆ ಬಿಸಿ ಉರುಳೆಗಳ ನಡುವೆ ಸಿಕ್ಕಿಬೀಳುತ್ತದೆ. ಆದುದರಿಂದ ವಿದ್ಯುತ್ತು ಖಚಿತವಾಗಿ ಇರುವ ವೇಳೆಯನ್ನು ನೋಡಿಕೊಳ್ಳಬೇಕು. ಪುಡಿ ಚೆಲ್ಲಿದರೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಬಿಸಿನೀರು ತಾಗಿದರೆ ಅದು ಮೆದುವಾಗಿ ಬಟ್ಟೆಗೇ ಹತ್ತಿಕೊಳ್ಳಬಹುದು.

ಆರಿಸುವ ಕ್ರಮ

ಮೇಲಿನ ವಿಚಾರಗಳಿಂದ ಪ್ರಶ್ನೆಗಳ ಸರಿಯಾದ ಕ್ರಮ ಸ್ಪಷ್ಟವಾಗುತ್ತದೆ. ಮೊದಲು, ಲೇಬಲ್ಲು ಏನನ್ನು ಹೇಳಬೇಕು? ಎರಡನೆಯದು, ಅದು ಏನನ್ನು ತಾಳಬೇಕು—ಎಣ್ಣೆಯನ್ನೆ, ಬಿಸಿಲನ್ನೆ, ನೀರನ್ನೆ? ಇದರಿಂದ ಹಾಳೆ ನಿರ್ಧಾರವಾಗುತ್ತದೆ. ಮೂರನೆಯದು, ಎಷ್ಟು ಬಗೆ, ಬಗೆಗೆ ಎಷ್ಟು ಸಂಖ್ಯೆ? ಇದರಿಂದ ಯಂತ್ರ ಬೇಕೆ, ಅಚ್ಚುಕೂಟ ಸಾಕೆ ಎಂಬುದು ತಿಳಿಯುತ್ತದೆ. ಎಲ್ಲಕ್ಕೂ ಕೊನೆಯಲ್ಲಿ, ಆ ಹಾಳೆಯನ್ನು ಹಾಯಿಸಬಲ್ಲ, ಆ ಅಕ್ಷರವನ್ನು ಮೂಡಿಸಬಲ್ಲ, ಟೋನರೂ ದುರಸ್ತಿಯೂ ಯಾದಗಿರಿಯಲ್ಲೋ ಕಲಬುರಗಿಯಲ್ಲೋ ದೊರೆಯುವ ಯಂತ್ರ ಯಾವುದು? ಈ ಕ್ರಮವನ್ನು ತಲೆಕೆಳಗು ಮಾಡಿ ಯಂತ್ರದಿಂದ ಆರಂಭಿಸಿದರೆ ಸರಕಿಗೆ ತಕ್ಕ ಲೇಬಲ್ಲಿನ ಬದಲು ಯಂತ್ರಕ್ಕೆ ತಕ್ಕ ಲೇಬಲ್ಲನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಅಂಗಡಿಗೆ ಹೋಗುವಾಗ ತಮ್ಮ ಲೇಬಲ್ಲಿನ ಚಿತ್ರವನ್ನೂ, ತಾವು ಬಳಸಬೇಕೆಂದಿರುವ ಲೇಸರ್ ಹಾಳೆಗಳನ್ನೂ ಕೊಂಡೊಯ್ದು ಅಚ್ಚು ಹಾಕಿಸಿ ತರಬೇಕು. ಆಮೇಲಿನ ಪರೀಕ್ಷೆಗಳು ಶಾಲೆಯ ಪ್ರಯೋಗಶಾಲೆಯಲ್ಲಿಯೂ ಆಗುವಂಥವು. ಅಚ್ಚಿನ ಮೇಲೆ ಅಂಟುಪಟ್ಟಿಯನ್ನು ಒತ್ತಿ ಕಿತ್ತಾಗ ಪುಡಿ ಕಿತ್ತುಬಂದರೆ ಶಾಖ ಸಾಲಲಿಲ್ಲವೆಂದರ್ಥ. ಒಂದು ಲೇಬಲ್ಲಿನ ಮೇಲೆ ಶೇಂಗಾ ಎಣ್ಣೆಯ ಹನಿಯನ್ನು, ಇನ್ನೊಂದರ ಮೇಲೆ ನೀರಿನ ಹನಿಯನ್ನು ಹಾಕಿ ಒಂದು ದಿನದ ಮೇಲೆ ಬೆರಳಿನಿಂದ ಒರೆಸಿ ನೋಡಿ. ಮೂರನೆಯದನ್ನು ಅರ್ಧ ಮುಚ್ಚಿ ಎರಡು ವಾರ ಬಿಸಿಲಿನಲ್ಲಿಟ್ಟು, ಮುಚ್ಚಿದ ಅರ್ಧವನ್ನೂ ತೆರೆದ ಅರ್ಧವನ್ನೂ ಹೋಲಿಸಿ. ನಾಲ್ಕನೆಯದನ್ನು ಮನೆಯ ಹಿರಿಯರ ಕೈಗಿತ್ತು ತಾರೀಖನ್ನೂ ಘಟಕಗಳ ಪಟ್ಟಿಯನ್ನೂ ಓದಿಸಿ. ಈ ನಾಲ್ಕರಲ್ಲಿಯೂ ತೇರ್ಗಡೆಯಾದ ಲೇಬಲ್ಲನ್ನು ಯಾವ ಯಂತ್ರ ಕೊಟ್ಟಿತೋ ಅದೇ ಆ ಸರಕಿಗೆ ತಕ್ಕ ಯಂತ್ರ.